ಖಣ ನೇಯ್ದವರ ಸಭೆ

ಇಲ್ಲಿ ಕೂತಿರುವ ಹೆಣ್ಣುಮಕ್ಕಳಲ್ಲಿ ನಾಲ್ಕೈದು ಮಂದಿ ಇವತ್ತು ಖಣದ ಕುಪ್ಪಸ ತೊಟ್ಟು ಬಂದಿದ್ದೀರಿ. ಒಳಗೆ ಬರುವಾಗಲೇ ಕಣ್ಣಿಗೆ ಬಿತ್ತು, ಸಂತೋಷವಾಯಿತು. ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ಅದು ಎಷ್ಟು ಸಲೀಸಾಗಿ ಸಿಗುತ್ತದೆಂದರೆ ಪುಣೆಯದೇ ಬಟ್ಟೆ ಎಂದು ತಿಳಿದವರು ಬಹಳ. ಆದರೆ ಅದರ ತವರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ನಮ್ಮ ತಾಯಿಯ ತವರೂ ಅದೇ. ನಮ್ಮಜ್ಜ ಕುಣಿಮಗ್ಗದ ಮೇಲೆ ಖಣ ನೇಯುತ್ತಿದ್ದರು, ಅಜ್ಜಿ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು, ಭಾನುವಾರ ಇಬ್ಬರೂ ಸಭೆಗೆ ಹೋಗುತ್ತಿದ್ದರು.

'ಸಭೆ' ಎಂಬ ಮಾತನ್ನು ಮೊದಲು ಬಿಡಿಸಿ ಹೇಳುತ್ತೇನೆ, ಇವತ್ತು ಪದೇ ಪದೇ ಬರುತ್ತದೆ. ನಿಮಗೆ ಸಭೆ ಎಂದರೆ ಇದು, ಈಗ ನಾವು ಸೇರಿರುವುದು. ಮುಗಿದ ಮೇಲೆ ಎದ್ದು ಹೋಗುತ್ತೀರಿ, ಸಭೆ ಮುಗಿಯಿತು. ಕನ್ನಡ ಪ್ರೊಟೆಸ್ಟೆಂಟರ ಬಾಯಲ್ಲಿ ಸಭೆ ಎಂದರೆ ಒಂದು ಊರಿನ ವಿಶ್ವಾಸಿಗಳೆಲ್ಲ. ಅವರನ್ನು ನೋಡಿಕೊಳ್ಳುವವರು ಸಭಾಪಾಲಕರು, ಆಯ್ಕೆಯಾದ ದೊಡ್ಡವರು ಸಭಾ ಹಿರಿಯರು. ಕಟ್ಟಡಕ್ಕೆ ನಾವು ದೇವಾಲಯ ಎನ್ನುತ್ತೇವೆ. ಕಟ್ಟಡ ಬಿದ್ದರೂ ಸಭೆ ಇರುತ್ತದೆ. ಆ ಊರು ಬಿಟ್ಟು ಪುಣೆಗೆ ಬಂದವರೂ ಆ ಸಭೆಯವರೇ ಎಂದು ನಮ್ಮ ಅಜ್ಜಿ ಕೊನೆಯವರೆಗೂ ನಂಬಿದ್ದರು. ನನ್ನ ಮಾತೆಲ್ಲ ಅವರ ಆ ನಂಬಿಕೆಯ ಸುತ್ತಲೇ ಇದೆ.

ಇನ್ನೊಂದು ಮಾತು, ಗುಳೆ. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ದುಡಿಯಲು ಹೋಗುವುದು ಗುಳೆ. ಗುಳೆ ಬಂದವರು ನಿಂತ ಗುಡ್ಡ ಗುಳೇದಗುಡ್ಡ ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಭಾಷಾತಜ್ಞರು ಇದನ್ನು ಒಪ್ಪುತ್ತಾರೋ ಬಿಡುತ್ತಾರೋ, ನನಗೆ ಒಪ್ಪಿಗೆ. ಬಂದವರ ಊರದು, ಆಮೇಲೆ ಹೋದವರ ಊರೂ ಆಯಿತು.

ಈಗ ನಮ್ಮ ಸಭೆಯನ್ನು ಕಟ್ಟಿದ ಬಾಸೆಲ್ ಮಿಶನ್ನು ಅಲ್ಲಿಗೆ ಬಂದ ದಾರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಕ್ರೈಸ್ತ ಮತಪ್ರಚಾರ ಸಂಸ್ಥೆ. ಅದರಲ್ಲಿ ದುಡಿದವರು ಹೆಚ್ಚಾಗಿ ದಕ್ಷಿಣ ಜರ್ಮನಿಯವರು. ಈಸ್ಟ್ ಇಂಡಿಯಾ ಕಂಪನಿಯ ಸನದು 1833ರಲ್ಲಿ ಬದಲಾಗಿ, ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಘಟ್ಟ ಹತ್ತಿ 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಗದಗಿನ ಬೆಟಗೇರಿ, 1851ಕ್ಕೆ ಗುಳೇದಗುಡ್ಡ. ಆ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದಕ್ಕೇ ಮುಂದೆ ಅದನ್ನು 'ಬೊಂಬಾಯಿ ಕರ್ನಾಟಕ' ಎಂದು ಕರೆಯುತ್ತಿದ್ದರು. ನೀವು ಇವತ್ತು ಕೂತಿರುವ ಪುಣೆಯೂ ಬೆಟಗೇರಿಯೂ ಗುಳೇದಗುಡ್ಡವೂ ಒಂದೇ ಪ್ರಾಂತದ ಊರುಗಳಾಗಿದ್ದವು, 1956ರವರೆಗೆ.

ಮಂಗಳೂರಿನಲ್ಲಿ ಮಿಶನ್ನು ಮಾಡಿದ ಕೆಲಸದ ಚರಿತ್ರೆ ನಿಮಗೆ ಗೊತ್ತಿರುತ್ತದೆ: ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ, 1865ರ ಹಂಚಿನ ಕಾರ್ಖಾನೆ, 1894ರ ಕಿಟೆಲ್ ನಿಘಂಟು. ಅವೆಲ್ಲ ದೊಡ್ಡ ಕೆಲಸಗಳು, ಪುಸ್ತಕಗಳಲ್ಲಿ ಬಂದಿವೆ. ಆದರೆ ನಮ್ಮ ಮೇಲ್ಸೀಮೆಯ ಒಣನೆಲದಲ್ಲಿ, ನೇಕಾರರ ಓಣಿಯಲ್ಲಿ ನಡೆದದ್ದನ್ನು ಕೇಳಿದವರು ಕಡಿಮೆ. ನಾನು ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕುಣಿಮಗ್ಗ ನೋಡಿದವರು ಇಲ್ಲಿ ಎಷ್ಟು ಜನ? ಮನೆಯೊಳಗೆ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಕಾಲಿನಿಂದ ಹಲಗೆ ತುಳಿಯುತ್ತ, ಕೈಯಿಂದ ಲಾಳಿ ಓಡಿಸುತ್ತ, ಬೆಳಗಿನಿಂದ ಸಂಜೆವರೆಗೆ. ನೋಡುವವರಿಗೆ ಒಬ್ಬನೇ ಮಾಡುವ ಕೆಲಸದಂತೆ ಕಾಣುತ್ತದೆ. ಆದರೆ ಒಂಟಿಯಾಗಿ ನೇಕಾರಿಕೆ ಸಾಧ್ಯವೇ ಇಲ್ಲ. ಮಗ್ಗಕ್ಕೆ ಏರಿಸುವ ಮೊದಲು ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಓಣಿಯುದ್ದಕ್ಕೂ ಬಿಚ್ಚಿ ಎಳೆದು ಕಟ್ಟಬೇಕು, ಗಂಜಿ ಹಚ್ಚಬೇಕು, ಎಳೆ ಎಳೆ ಬಿಡಿಸಿ ಕುಂಚದಿಂದ ತೀಡಬೇಕು. ಅದಕ್ಕೆ ಓಣಿ ಬೇಕು, ಓಣಿಯ ಜನರ ಕೈ ಬೇಕು. ಇನ್ನು ನೂಲು, ರೇಷ್ಮೆ. ಅದನ್ನು ಸಾವ್ಕಾರ ಮುಂಗಡವಾಗಿ ಕೊಡುತ್ತಾನೆ, ನೇಯ್ದ ಮಾಲು ಅವನೇ ತೆಗೆದುಕೊಂಡು ಲೆಕ್ಕ ಹಿಡಿದು ಮಜೂರಿ ಕೊಡುತ್ತಾನೆ.

ಈಗ ಯೋಚಿಸಿ. ಅಂಥ ಓಣಿಯಲ್ಲಿ ಒಬ್ಬ ನೇಕಾರ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ. ಮರುದಿನ ಅವನ ಮೇಲೆ ಯಾರೂ ಕೈ ಮಾಡಬೇಕಾಗಿಲ್ಲ, ಬೈಯಬೇಕಾಗಿಯೂ ಇಲ್ಲ. ಹಾಸು ಬಿಚ್ಚುವ ದಿನ ಯಾರೂ ಬರಲಿಲ್ಲ ಎಂದರೆ ಸಾಕು. ಸಾವ್ಕಾರ ನೂಲು ಕೊಡಲಿಲ್ಲ ಎಂದರೆ ಸಾಕು. ಓಣಿಯ ಬಾವಿಗೆ ಹೆಂಡತಿ ಕೊಡ ಇಳಿಸುವಂತಿಲ್ಲ ಎಂದರೆ ಸಾಕು. ಬಾಸೆಲ್ ಮಿಶನ್ನು ಊರೂರಿನಲ್ಲಿ ನೇಕಾರಿಕೆ, ಹಂಚು, ಮುದ್ರಣ ಎಂದು ಕಸುಬುಗಳನ್ನು ಏಕೆ ಹೂಡಿತು ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲಿದೆ. ಮತಾಂತರವಾದವರ ಹೊಟ್ಟೆಪಾಡು ಜಾತಿಯ ಜೊತೆಗೇ ಹೋಗುತ್ತಿತ್ತು. ಮಂಗಳೂರಿನಲ್ಲಿ ನೇಯ್ಗೆ ಶಾಲೆ ಶುರುವಾದದ್ದೂ ನಮ್ಮ ಊರಿಗೆ ಮಿಶನ್ ಬಂದ 1851ರಲ್ಲೇ.

ಇದರಿಂದ ಒಳಿತಾಯಿತೋ ಕೆಡುಕಾಯಿತೋ? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜೀವ ಉಳಿಯಿತು, ಅದು ಸಣ್ಣದಲ್ಲ. ಆದರೆ ನೂಲು ಕೊಡುವವರೂ ಮಿಶನ್ನಿನವರೇ, ಶಾಲೆ ನಡೆಸುವವರೂ ಅವರೇ, ಭಾನುವಾರ ದೇವಾಲಯದಲ್ಲಿ ಪ್ರಸಂಗ, ಅಂದರೆ ಉಪದೇಶ, ಹೇಳುವವರೂ ಅವರೇ ಆದಾಗ ಬಡ ಸಭಿಕ ಅವರೆದುರು ತಲೆಯೆತ್ತಿ ಮಾತಾಡುವುದು ಕಷ್ಟ. ಕುಡಿದರೆ, ಜಾತ್ರೆಗೆ ಹೋದರೆ ಸಭಾ ಶಿಸ್ತಿಗೆ ಗುರಿಯಾಗಬೇಕು. ನಮ್ಮ ಹಿರಿಯರು ಒಬ್ಬ ಸಾವ್ಕಾರನ ಋಣ ತೀರಿಸಿ ಇನ್ನೊಂದು ಋಣದಲ್ಲಿ ನಿಂತರು. ಆ ಋಣ ಪ್ರೀತಿಯದಾಗಿತ್ತು ಎಂಬುದು ನಿಜ. ಋಣವಾಗಿತ್ತು ಎಂಬುದೂ ನಿಜ.

ಅಜ್ಜನ ಕಾಲಕ್ಕೆ ಓಣಿಯ ಮುನಿಸೆಲ್ಲ ಕರಗಿತ್ತು. ಅಜ್ಜ ನೇಯುತ್ತಿದ್ದ ಖಣದಲ್ಲಿ ಸೂರ್ಯನಾರಾಯಣ ಇರುತ್ತಿದ್ದ, ತೇರು ಇರುತ್ತಿತ್ತು, ಆನೆ ಹೆಜ್ಜೆ ಇರುತ್ತಿತ್ತು. ನಾನು ಎಂಟು ಹತ್ತು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದೆ, 'ಅಜ್ಜಾ, ನಾವು ಯೇಸುಸ್ವಾಮಿ ಮಂದಿ, ಸೂರ್ಯನಾರಾಯಣನ್ನ ಯಾಕ ನೇಯ್ತಿ?' ಅಜ್ಜ ಲಾಳಿ ನಿಲ್ಲಿಸದೆ ಹೇಳಿದರು, 'ಉಡಾವರು ಯಾರು, ನಾನೋ ಅವರೋ? ಸೂರ್ಯಾನ್ನ ಮಾಡಿದಾವ ಯಾರು?' ಅಷ್ಟೇ. ಅದರ ಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಭಾಷೆಯ ವಿಷಯ ಬಂದರೆ ನನಗೆ ಮಾತು ಉದ್ದವಾಗುತ್ತದೆ, ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಕನ್ನಡದಲ್ಲಿ ಸತ್ಯವೇದ, ಅಂದರೆ ಬೈಬಲ್, ಪೂರ್ತಿಯಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಬಾಸೆಲಿನವರು ಧಾರವಾಡಕ್ಕೆ ಬಂದಾಗ ನಮ್ಮ ಕಡೆ ಕಚೇರಿಯ ವ್ಯವಹಾರ, ಸರಕಾರಿ ಶಾಲೆ ಹೆಚ್ಚಾಗಿ ಮರಾಠಿಯಲ್ಲಿ ನಡೆಯುತ್ತಿದ್ದವು. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದ್ದು ನಿಮಗೆ ಗೊತ್ತು. ಮಿಶನ್ನಿನ ಶಾಲೆಗಳು ಕನ್ನಡದಲ್ಲೇ ಕಲಿಸಿದವು. ನೇಕಾರನ ಮಗ ಓದಲು ಕಲಿತ. ಇನ್ನೂ ಮುಖ್ಯವಾಗಿ, ನೇಕಾರನ ಮಗಳು ಓದಲು ಕಲಿತಳು. ನಮ್ಮ ಅಜ್ಜಿ ಶಾಲೆಯಲ್ಲಿ ಕೂತದ್ದು ಮೂರು ವರ್ಷ. ಕೀರ್ತನೆಗಳ ಪುಸ್ತಕ ಪೂರ್ತಿ ಬಾಯಿಪಾಠ ಇತ್ತು. ಕಂಡಿಕೆ ಸುತ್ತುವಾಗ ರಾಟಿಯ ಸದ್ದಿಗೆ ಸರಿಯಾಗಿ ಹೇಳಿಕೊಳ್ಳುತ್ತಿದ್ದರು.

ಹಾಡುಗಳು ಮೊದಲಿಗೆ ಜರ್ಮನ್ ರಾಗದವು. ಕನ್ನಡ ಪದವನ್ನು ಆ ರಾಗಕ್ಕೆ ಎಳೆದು ಕೂರಿಸಿದ್ದಾರೆ, ಹ್ರಸ್ವ ಇರಬೇಕಾದಲ್ಲಿ ದೀರ್ಘ, ದೀರ್ಘ ಇರಬೇಕಾದಲ್ಲಿ ಹ್ರಸ್ವ. ವ್ಯಾಕರಣ ಕಲಿಸುವವಳಿಗೆ ಕೇಳಲು ಕಷ್ಟವಾಗಬೇಕು, ನನಗೆ ಆಗುವುದಿಲ್ಲ. ಅವು ನನ್ನ ಜೋಗುಳಗಳು. ಕನ್ನಡದ ಛಂದಸ್ಸನ್ನೇ ಹಿಡಿದು ಬರೆಯಬೇಕೆಂದು ಹಟ ತೊಟ್ಟವರು ಕಿಟೆಲ್. 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಸಿ ಛಂದಸ್ಸಿನಲ್ಲಿ ಕಟ್ಟಿದರು. ನಿಘಂಟಿನ ಕಿಟೆಲ್ಲರನ್ನು ಎಲ್ಲರೂ ನೆನೆಯುತ್ತೇವೆ. ಪರದೇಶದ ಆ ಮನುಷ್ಯ ನಮ್ಮ ಛಂದಸ್ಸಿನಲ್ಲಿ ಬರೆಯುತ್ತ ಮಾತ್ರೆ ಎಣಿಸುತ್ತಿದ್ದುದನ್ನು ನೆನೆದರೆ ನನಗೆ ಅವರ ಮೇಲೆ ಇನ್ನೂ ಗೌರವ.

ಈಗ ಬರದ ಮಾತು. 1876ರಿಂದ 78ರ ಬರ. ಗುಳೇದಗುಡ್ಡ ಆಗ ಕಲಾದಗಿ ಜಿಲ್ಲೆಯಲ್ಲಿತ್ತು, ಅದೇ ಮುಂದೆ ವಿಜಾಪುರ ಜಿಲ್ಲೆಯಾಯಿತು. ಆ ಜಿಲ್ಲೆಯ ಜನಸಂಖ್ಯೆ 1872ರಲ್ಲಿ ಎಂಟು ಲಕ್ಷ ದಾಟಿತ್ತು, 1881ರ ಖಾನೇಸುಮಾರಿಯಲ್ಲಿ, ಅಂದರೆ ಜನಗಣತಿಯಲ್ಲಿ, ಆರೂವರೆ ಲಕ್ಷಕ್ಕಿಂತ ಕೆಳಗೆ. ಅಂದರೆ ಐವರಲ್ಲಿ ಒಬ್ಬರು ಇಲ್ಲ, ಸತ್ತರು ಅಥವಾ ಗುಳೆ ಹೋದರು. ಬರದಲ್ಲಿ ನೇಕಾರ ರೈತನಿಗಿಂತ ಮೊದಲು ಬೀಳುತ್ತಾನೆ. ರೈತನ ಹಗೇವಿನಲ್ಲಿ, ಕಾಳು ತುಂಬಿಡುವ ನೆಲದ ಕುಣಿಯಲ್ಲಿ, ನಾಲ್ಕು ದಿನದ ಜೋಳ ಇದ್ದೀತು. ಕಾಳು ತುಟ್ಟಿಯಾದ ದಿನವೇ ಜನ ಬಟ್ಟೆ ಕೊಳ್ಳುವುದನ್ನು ಬಿಡುತ್ತಾರೆ. ಮಗ್ಗ ನಿಂತಿತು ಎಂದರೆ ಒಲೆ ನಿಂತಿತು.

ಆ ವರ್ಷಗಳಲ್ಲಿ ಮಿಶನ್ನುಗಳು ಎಲ್ಲ ಕಡೆ ಅನಾಥ ಮಕ್ಕಳನ್ನು ತೆಗೆದುಕೊಂಡವು, ಗಂಜಿ ಹಾಕಿದವು, ಬರದ ನಂತರ ಸಭೆಗಳೂ ಬೆಳೆದವು. 'ಅನ್ನಕ್ಕಾಗಿ ಹೋದವರು' ಎಂದು ಹೇಳುವುದನ್ನು ನಾನು ಶಾಲೆಯಲ್ಲೇ ಕೇಳಿಸಿಕೊಂಡಿದ್ದೇನೆ, ಆಗ ಅಳು ಬರುತ್ತಿತ್ತು. ಈಗ ಈ ವಯಸ್ಸಿನಲ್ಲಿ ನೇರವಾಗಿ ಹೇಳುತ್ತೇನೆ: ಹೌದು, ಹಸಿದು ಹೋದವರಿದ್ದರು. ಸತ್ತ ತಾಯಿಯ ಪಕ್ಕದಿಂದ ಎತ್ತಿಕೊಂಡ ಕೂಸು ಮತ ವಿಚಾರ ಮಾಡಿ ಹೋಗಿರಲಿಲ್ಲ. ಆ ಕೂಸು ಬೆಳೆದು, ಓದಿ, ಮಗ್ಗ ಕಲಿತು, ಮದುವೆಯಾಗಿ, ಮಕ್ಕಳಿಗೆ ಹೆಸರಿಟ್ಟು, ಎಪ್ಪತ್ತು ವರ್ಷ ಭಾನುವಾರ ತಪ್ಪದೆ ಪ್ರಾರ್ಥನೆ ಮಾಡಿದರೆ ಆ ಪ್ರಾರ್ಥನೆ ಯಾರದು? ಅನ್ನ ಕೊಟ್ಟವರದೋ, ಮಾಡಿದವರದೋ? ನನ್ನ ಮುತ್ತಜ್ಜಿ ಅಂಥದೊಂದು ಕೂಸು. ಆಕೆಯ ತಂದೆತಾಯಿಯ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಆಕೆಯ ಪ್ರಾರ್ಥನೆಯನ್ನು ಮಾತ್ರ ಅಜ್ಜಿ ನೆನಪಿನಲ್ಲಿಟ್ಟುಕೊಂಡಿದ್ದರು, ಊಟಕ್ಕೆ ಮುಂಚೆ ಹೇಳುವ ಎರಡು ಸಾಲು. ಈಗಲೂ ನಮ್ಮ ಮನೆಯಲ್ಲಿ, ಕೋಥ್ರೂಡಿನ ಮೂರನೇ ಮಾಳಿಗೆಯಲ್ಲಿ, ಅವನ್ನೇ ಹೇಳುತ್ತೇವೆ.

ಬರ ಕಲಿಸಿದ ಪಾಠವಾಗಿ ಸರಕಾರ ರೈಲು ಹಾಕಿತು. ಕಾಳು ಸಾಗಿಸಲು ಹಳಿ ಬೇಕು ಎಂದು ಸದರ್ನ್ ಮರಾಠಾ ರೈಲ್ವೆ ಹುಟ್ಟಿ, 1884ರಲ್ಲಿ ಗದಗ–ಹೊಟಗಿ ಮೀಟರ್ ಗೇಜ್ ದಾರಿ ಶುರುವಾಯಿತು. ಅದರಲ್ಲಿ ಬಾದಾಮಿಗೂ ಬಾಗಲಕೋಟೆಗೂ ನಡುವೆ 'ಗುಳೇದಗುಡ್ಡ ರೋಡ್' ಎಂಬ ಸ್ಟೇಶನ್ನು. ಕಾಳು ಬರಲಿ ಎಂದು ಹಾಕಿದ ಹಳಿಯ ಮೇಲೆ ಜನ ಹೊರಟರು. ಹೊಟಗಿಯಲ್ಲಿ ದೊಡ್ಡ ಗಾಡಿಗೆ ಬದಲಾಯಿಸಿದರೆ ಸೊಲ್ಲಾಪುರ, ಮುಂದೆ ಪುಣೆ, ಅದಕ್ಕೂ ಮುಂದೆ ಮುಂಬಯಿಯ ಗಿರಣಿಗಳು. ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಬಟ್ಟೆಯಲ್ಲಿ ಸುತ್ತಿದ ಸತ್ಯವೇದ. ಬೆಟಗೇರಿಯಲ್ಲಿ ಮಿಶನ್ನಿನವರು 1902ರಲ್ಲಿ ಆಸ್ಪತ್ರೆ ತೆರೆದರು, ಜನ ಇವತ್ತಿಗೂ ಅದನ್ನು ಜರ್ಮನ್ ದವಾಖಾನೆ ಎನ್ನುತ್ತಾರೆ. ನನ್ನ ದೊಡ್ಡಮ್ಮ ಅಲ್ಲಿ ನರ್ಸ್ ಕೆಲಸ ಕಲಿತು ಪುಣೆಗೆ ಬಂದರು, ಅವರ ಹಿಂದೆ ನಮ್ಮ ತಾಯಿ, ಆಮೇಲೆ ನಾನು.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಪಂಡಿತಾ ರಮಾಬಾಯಿಯವರನ್ನು ನೆನೆಯುತ್ತೇನೆ. ಪುಣೆಯವರು ಅವರನ್ನು ತಮ್ಮವರೆನ್ನುತ್ತಾರೆ, ಇಲ್ಲೇ ಹತ್ತಿರ ಕೇಡಗಾಂವದಲ್ಲಿ ಅವರ ಮುಕ್ತಿ ಮಿಶನ್ ಇದೆ. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರೂ ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರೇ. ರಮಾಬಾಯಿ ತಮ್ಮ ಕಥೆಯನ್ನು ತಾವೇ ಬರೆದಿಟ್ಟರು, ಅದರಿಂದ ನಮಗೆ ಗೊತ್ತು. ಸಣ್ಣ ಸಭೆಗಳ ಹಳೆಯ ದಫ್ತರ ನಾನು ಕೆಲವನ್ನು ನೋಡಿದ್ದೇನೆ. ಗಂಡಸಿನ ಹೆಸರು ಇರುತ್ತದೆ, ತಂದೆಯ ಹೆಸರು, ಕಸುಬು ಇರುತ್ತದೆ. ಹೆಂಗಸು ಎಷ್ಟೋ ಕಡೆ 'ಇಂಥವನ ಹೆಂಡತಿ'. ಎಷ್ಟು ಪುಟ ತಿರುವಿದರೂ ಹೆಸರು ಸಿಗುವುದಿಲ್ಲ. ಮಿಶನರಿಗಳು ಬಾಸೆಲಿಗೆ ಬರೆದ ಪತ್ರಗಳು, ತೆಗೆದ ಫೋಟೋಗಳು ಅಲ್ಲಿನ ಭಂಡಾರದಲ್ಲಿ ಭದ್ರವಾಗಿವೆ. ಅವು ಬರೆದವರ ಕಣ್ಣಿನಿಂದ ಕಂಡ ನಾವು. ನಮ್ಮ ಕಣ್ಣಿನಿಂದ ಕಂಡ ನಾವು ಎಲ್ಲಿಯೂ ಬರಹದಲ್ಲಿಲ್ಲ.

ಮೊದಲ ಮಹಾಯುದ್ಧ ಎಲ್ಲವನ್ನೂ ಬುಡಮೇಲು ಮಾಡಿತು. ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು. ಅರವತ್ತು ಎಂಬತ್ತು ವರ್ಷ ನೆಲೆನಿಂತ ಮಿಶನ್ನು ಕೆಲವೇ ವರ್ಷಗಳಲ್ಲಿ ಖಾಲಿಯಾಯಿತು. ಜರ್ಮನ್ ಮಿಶನರಿಗಳನ್ನು ಹಿಡಿದು ತಂದು ಇಟ್ಟದ್ದು ಎಲ್ಲಿ ಗೊತ್ತೇ? ಪುಣೆಯಿಂದ ನೂರಿಪ್ಪತ್ತು ಕಿಲೋಮೀಟರ್ ದೂರದ ಅಹಮದನಗರದ ಶಿಬಿರದಲ್ಲಿ, ಈಗ ಅಹಿಲ್ಯಾನಗರ ಎನ್ನುತ್ತೇವಲ್ಲ, ಅಲ್ಲಿ. ಅನೇಕರನ್ನು 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಊರಿಗೆ ಕಳಿಸಿದರು. ಅದೇ ಅಹಮದನಗರದಲ್ಲಿ ನಾರಾಯಣ ವಾಮನ ಟಿಳಕರು ಅಭಂಗದ ದಾಟಿಯಲ್ಲಿ ಮರಾಠಿ ಕ್ರೈಸ್ತ ಹಾಡುಗಳನ್ನು ಕಟ್ಟುತ್ತಿದ್ದರು. ಇದನ್ನು ಯಾಕೆ ಹೇಳಿದೆ ಎಂಬುದು ಆಮೇಲೆ ತಿಳಿಯುತ್ತದೆ.

ಮಿಶನರಿ ದೊರೆಗಳು ಹೋದರು, ಇನ್ನು ಸಭೆ ಒಡೆದುಹೋಗುತ್ತದೆ ಎಂದು ಊರವರು ಅಂದುಕೊಂಡರಂತೆ. ಅಜ್ಜಿ ಇದನ್ನು ತಮ್ಮ ತಾಯಿಯಿಂದ ಕೇಳಿದ್ದು. ಸಭೆ ಒಡೆಯಲಿಲ್ಲ. ಉಪದೇಶಿಗಳು ಇದ್ದರು, ಊರವರೇ ಆದ ಸಭಾಪಾಲಕರು ಇದ್ದರು, ಹಿರಿಯರು ಇದ್ದರು. ಉಪದೇಶಿ ಎಂದರೆ ಹಳ್ಳಿಯಿಂದ ಹಳ್ಳಿಗೆ ನಡೆದು ಮಕ್ಕಳಿಗೆ ಅಕ್ಷರ, ದೊಡ್ಡವರಿಗೆ ದೇವರ ವಾಕ್ಯ ಹೇಳುವವನು, ಸಂಬಳ ಬಹಳ ಕಡಿಮೆ. ನನ್ನನ್ನು ಕೇಳಿದರೆ ನಮ್ಮ ಸಭೆಗಳ ನಿಜವಾದ ಚರಿತ್ರೆ ಶುರುವಾಗುವುದು ಆ ಯುದ್ಧದ ವರ್ಷಗಳಲ್ಲಿ. ಅದರ ಹಿಂದಿನದು ಮಿಶನ್ನಿನ ಚರಿತ್ರೆ.

ಆ ಕಾಲದಲ್ಲೇ ನಮ್ಮ ಸೀಮೆಯ ಸಭಾಪಾಲಕರಲ್ಲಿ ಒಬ್ಬರು ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಹುಟ್ಟಿದವರು, ಬಾಸೆಲ್ ಮಿಶನ್ನಿನ ಪಾದ್ರಿ. ಹಳ್ಳಿ ಹಳ್ಳಿ ತಿರುಗುತ್ತ, ಓಲೆಗರಿಗಳಿಂದ, ಜನರ ಬಾಯಿಂದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನೀವು ನಿಮ್ಮ ಮಕ್ಕಳಿಗೆ ಸರ್ವಜ್ಞನ ಒಂದು ವಚನ ಹೇಳಿಕೊಟ್ಟಾಗ, ಅದನ್ನು ಕಾಪಿಟ್ಟವರಲ್ಲಿ ಇಂಥದೇ ಸಣ್ಣ ಊರಿನ ಸಭೆಗಳಲ್ಲಿ ಭಾನುವಾರ ವಾಕ್ಯ ಹೇಳುತ್ತಿದ್ದ ಒಬ್ಬರಿದ್ದಾರೆ ಎಂದು ನೆನೆಯಿರಿ. ಅಜ್ಜಿಯ ಪ್ರಾರ್ಥನೆಯಲ್ಲೂ ಸರ್ವಜ್ಞ ಬರುತ್ತಿದ್ದ. ಅವರಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿತು, ಹಲವು ಮಿಶನ್ನುಗಳ ಸಭೆಗಳು ಒಂದಾದವು. ನಮ್ಮ ಕಡೆಯ ಸಭೆಗಳು ಅದರಲ್ಲಿ ಕೂಡಿದ್ದು ಅದಾದ ಮೇಲೆ. ಈಗ ಅವು ಧಾರವಾಡ ಕೇಂದ್ರವಾದ ಸಭಾಪ್ರಾಂತದಲ್ಲಿವೆ. ಮಹಾರಾಷ್ಟ್ರದ ಕಡೆ 1970ರ ನವೆಂಬರ್ 29ರಂದು ನಾಗಪುರದಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆಯಿತು. ಅಂದರೆ ಗುಳೇದಗುಡ್ಡದವರು ಪುಣೆ ಸ್ಟೇಶನ್ನಿನಲ್ಲಿ ಇಳಿದರೆ ರಾಜ್ಯ ಬದಲಾದಂತೆ ಸಭೆಯೂ ಬದಲಾಗುತ್ತದೆ. ನಮ್ಮ 'ಕರ್ತ' ಇಲ್ಲಿ 'ಪ್ರಭು'. ನಮ್ಮ ತಾಯಿ ಮೊದಲ ಭಾನುವಾರ ಮರಾಠಿ ಆರಾಧನೆಗೆ ಹೋಗಿ, ಹಾಡು ಬಾರದೆ ಬಾಯಿ ಮುಚ್ಚಿ ನಿಂತು ಅತ್ತರಂತೆ. ಪಕ್ಕದ ಮಾವಶಿ ಒಬ್ಬರು ಕೈ ಹಿಡಿದುಕೊಂಡು, ಪುಸ್ತಕದಲ್ಲಿ ಬೆರಳಿಟ್ಟು ಸಾಲು ತೋರಿಸಿದರು. ಅದು ಟಿಳಕರ ಹಾಡು. ಮುಂದೆ ನಮ್ಮ ತಾಯಿಗೆ ಅತ್ಯಂತ ಇಷ್ಟವಾದ ಹಾಡು ಅದೇ ಆಯಿತು. ಜರ್ಮನ್ ಅಯ್ಯನವರನ್ನು ಬಂಧನದಲ್ಲಿಟ್ಟ ಊರಿನ ಹಾಡು, ಅವರು ಕಟ್ಟಿದ ಸಭೆಯ ಮಗಳ ಬಾಯಲ್ಲಿ.

ಆಮೇಲೆ ಕನ್ನಡದವರು ನಾಲ್ಕು ಮನೆ ಸೇರಿ, ಮರಾಠಿ ಆರಾಧನೆ ಮುಗಿದ ಮೇಲೆ ಮಧ್ಯಾಹ್ನದ ಹೊತ್ತು ಅದೇ ದೇವಾಲಯವನ್ನು ಕೇಳಿಕೊಂಡು ಕನ್ನಡದಲ್ಲಿ ಪ್ರಾರ್ಥನೆ ಶುರುಮಾಡಿದರು. ಬೀದರಿನ ಮೆಥೊಡಿಸ್ಟರು, ಬೆಟಗೇರಿಯವರು, ಮಂಗಳೂರಿನವರು, ನಾವು. ಒಂದೇ ಹಾಡಿಗೆ ಮೂರು ರಾಗ. ಸುಗ್ಗಿ ಹಬ್ಬಕ್ಕೆ ಹೊಲವೇ ಇಲ್ಲದ ನಾವು ಮಂಡಈ ಮಾರುಕಟ್ಟೆಯಿಂದ ಕುಂಬಳಕಾಯಿ, ಜೋಳದ ತೆನೆ ಕೊಂಡು ತಂದು ಅರ್ಪಿಸಿ, ಅದನ್ನೇ ಹರಾಜಿನಲ್ಲಿ ಮತ್ತೆ ಕೊಂಡುಕೊಳ್ಳುತ್ತಿದ್ದೆವು. ನನ್ನ ಬಾಲ್ಯದ ಅತ್ಯಂತ ಸಂತೋಷದ ದಿನಗಳು ಅವು.

ಇನ್ನು ನನ್ನ ಕೆಲಸದ ಮಾತು. ಕೆಲವು ವರ್ಷಗಳ ಹಿಂದೆ ಒಂದು ಊರಿಗೆ ಹೋಗಿದ್ದೆ, ಊರಿನ ಹೆಸರು ಬೇಡ. ಹಳೆಯ ದೀಕ್ಷಾಸ್ನಾನದ ದಫ್ತರ ನೋಡಬೇಕೆಂದು ಕೇಳಿದೆ. ಪೆಟ್ಟಿಗೆ ತೆಗೆದರು. ಗೆದ್ದಲು ಒಳಗಿನಿಂದ ತಿಂದು, ರಟ್ಟು ಮಾತ್ರ ಉಳಿದಿತ್ತು. ಎತ್ತಿದರೆ ಮಣ್ಣು ಉದುರಿತು. ಅಲ್ಲಿದ್ದ ಒಬ್ಬ ಮುದುಕಿ, ತೊಂಬತ್ತರ ಹತ್ತಿರದವರು, ಕೇಳಿದರು, 'ಏನವಾ, ಅದರಾಗ ನನ್ನ ಹೆಸರು ಇತ್ತೇನು?' ನನಗೆ ಉತ್ತರ ಹೇಳಲಾಗಲಿಲ್ಲ. ಅವರ ಪಕ್ಕ ಕೂತು, ಹೆಸರು, ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು ಕೇಳಿ ಬರೆದುಕೊಂಡೆ. ಅಂದಿನಿಂದ ಆ ಕೆಲಸ ನಿಲ್ಲಿಸಿಲ್ಲ. ಈವರೆಗೆ ಮೂರು ನೋಟುಬುಕ್ಕು ತುಂಬಿವೆ.

ನಿಮ್ಮಲ್ಲಿ ಯಾರಾದರೂ ಗುಳೇದಗುಡ್ಡ, ಬಾಗಲಕೋಟೆ, ಬಾದಾಮಿ, ಬೆಟಗೇರಿ ಕಡೆಯವರಿದ್ದರೆ, ಯಾವ ಜಾತಿ ಧರ್ಮದವರಾದರೂ ಸರಿ, ನಿಮ್ಮ ಅಜ್ಜ ಅಜ್ಜಿಗೆ ಮಿಶನ್ ಶಾಲೆ, ಜರ್ಮನ್ ದವಾಖಾನೆ, ನೇಕಾರ ಓಣಿಯ ನೆನಪಿದ್ದರೆ, ದಯವಿಟ್ಟು ಇವತ್ತೇ ಹೇಳಿ. ಮನೆಯ ಸತ್ಯವೇದದ ಮೊದಲ ಪುಟದಲ್ಲಿ ಹುಟ್ಟಿದ ತಾರೀಖು ಬರೆದಿಟ್ಟಿರುತ್ತಾರೆ, ಮದುವೆ ಫೋಟೋದ ಹಿಂದೆ ಹೆಸರು ಬರೆದಿಟ್ಟಿರುತ್ತಾರೆ. ಅವನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಬನ್ನಿ, ಹೆಂಗಸರ ಹೆಸರು ಇರುವ ಪುಟವನ್ನು ಮೊದಲು. ನಾಲ್ಕನೇ ನೋಟುಬುಕ್ಕು ತಂದಿದ್ದೇನೆ. ಚಹಾ ಕೊಡುವ ಮೇಜಿನ ಪಕ್ಕ ಕೂತಿರುತ್ತೇನೆ.